ಡೊಳ್ಳು ಮತ್ತು ಕಿಕ್ ಒಂದೇ ಟ್ರ್ಯಾಕ್‌ನಲ್ಲಿ: ಹೆಡ್‌ಫೋನಿನಲ್ಲಿ ಚೆನ್ನಾಗಿದೆ, ಹೊರಗೆ ಹಾಕಿದರೆ ಕೆಸರು

ಡೊಳ್ಳು124 ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವನು. ಹಗಲು ಕೆಲಸಕ್ಕೆ ಹೋಗುತ್ತೇನೆ, ರಾತ್ರಿ ಮನೆಯಲ್ಲಿ ರೀಪರ್ (ಸಂಗೀತ ಮಾಡುವ ಸಾಫ್ಟ್‌ವೇರ್) ಹಾಕಿಕೊಂಡು ಹೌಸ್ ಮ್ಯೂಸಿಕ್ (ಕುಣಿಯಲು ಮಾಡುವ ಎಲೆಕ್ಟ್ರಾನಿಕ್ ಸಂಗೀತ) ಮಾಡುತ್ತೇನೆ. ಮೂರು ವರ್ಷ ಆಯಿತು. ಈಗ ಮಾಡುತ್ತಿರುವ ಟ್ರ್ಯಾಕ್ ನನಗೆ ತುಂಬಾ ಮುಖ್ಯ. ಅದು ಅರ್ಧಕ್ಕೆ ನಿಂತುಬಿಟ್ಟಿದೆ. ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಪಕ್ಕದ ಊರಿನ ಡೊಳ್ಳು ತಂಡದವರನ್ನು ಕೇಳಿ, ಸಂಭಾವನೆ ಕೊಟ್ಟು, ದೇವಸ್ಥಾನದ ಮುಂದಿನ ಬಯಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಎಂಟು ಡೊಳ್ಳು, ಎರಡು ಜೊತೆ ತಾಳ, ಒಂದು ಕೊಂಬು. ಕೈಯಲ್ಲಿ ಹಿಡಿಯುವ ಸ್ಟೀರಿಯೊ ರೆಕಾರ್ಡರನ್ನು ಸ್ಟ್ಯಾಂಡಿಗೆ ಹಾಕಿ ಹತ್ತು ಅಡಿ ದೂರದಲ್ಲಿ ಇಟ್ಟಿದ್ದೆ. ಒಟ್ಟು 22 ನಿಮಿಷದ ರೆಕಾರ್ಡಿಂಗ್ ಇದೆ. ಅದನ್ನು ಹಾಗೇ ಕೇಳಿದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಟ್ರ್ಯಾಕ್ 124 ಬಿಪಿಎಂ (ನಿಮಿಷಕ್ಕೆ 124 ಬೀಟ್), ಶ್ರುತಿ ಜಿ. ಕಿಕ್ (ತಾಳ ಹಿಡಿಯುವ ದಪ್ಪ ಡ್ರಮ್ ಏಟು) 808 ಡ್ರಮ್ ಮಷೀನ್ ತರಹದ್ದು, ಉದ್ದ ಬಾಲ ಇರುವಂಥದ್ದು. ಅದನ್ನು ಜಿಗೆ ಟ್ಯೂನ್ ಮಾಡಿದ್ದೇನೆ. ಬೇಸ್ ಕೂಡ ಅದೇ ಜಿ. ಮೇಲೆ ಒಂದು ಪ್ಯಾಡ್ (ಎಳೆದು ನಿಲ್ಲುವ ಸಿಂಥ್ ಸದ್ದು), ಒಂದು ಪ್ಲಕ್ (ಮೀಟಿದ ಹಾಗಿನ ಗಿಡ್ಡ ಸದ್ದು), ಹೈಹ್ಯಾಟ್. ಡೊಳ್ಳು ಶುರುವಿನಿಂದ ಕೊನೆಯವರೆಗೂ ಇದೆ. ಅಗಲ ಬರಲಿ ಎಂದು ಡೊಳ್ಳಿಗೂ ಬೇಸ್‌ಗೂ ಸ್ಟೀರಿಯೊ ವೈಡ್ನರ್ ಹಾಕಿದ್ದೇನೆ.

ತೊಂದರೆಗಳು ಇಷ್ಟು. ಹೆಡ್‌ಫೋನಿನಲ್ಲಿ ಚೆನ್ನಾಗಿ ಕೇಳುತ್ತದೆ. ಗೆಳೆಯನ ಕಾರಿನಲ್ಲಿ ಹಾಕಿದರೆ ಬರೀ ಗುಂ ಎನ್ನುತ್ತದೆ, ಡೊಳ್ಳಿನ ಏಟು ಯಾವುದು, ಕಿಕ್ ಯಾವುದು ಗೊತ್ತಾಗಲ್ಲ. ಫೋನಿನಲ್ಲಿ ಬೇಸ್ ಇಲ್ಲವೇ ಇಲ್ಲ. ಹೋದ ತಿಂಗಳು ಒಂದು ಗಣಪತಿ ಮೆರವಣಿಗೆಯಲ್ಲಿ ಡಿಜೆ ಒಬ್ಬರು ಹಾಕಿ ನೋಡಿದರು. ಅಷ್ಟು ದೊಡ್ಡ ಬಾಕ್ಸ್‌ಗಳಲ್ಲಿ ಡೊಳ್ಳು ಎಲ್ಲೋ ದೂರದ ತಗಡು ಬಡಿದ ಹಾಗೆ ಕೇಳಿತು. ತಂಡದ ಹಿರಿಯರು ಅಲ್ಲೇ ಇದ್ದರು. ಅವರೇನೂ ಅನ್ನಲಿಲ್ಲ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಇನ್ನೊಂದು ವಿಷಯ. 16 ಬಾರ್‌ನ (ಒಂದು ಬಾರ್ ಅಂದರೆ ನಾಲ್ಕು ಬೀಟ್) ಲೂಪ್ ಕೇಳಿದರೆ ಸೊಗಸಾಗಿದೆ. ನಾಲ್ಕೂವರೆ ನಿಮಿಷಕ್ಕೆ ಹರಡಿದಾಗ ಎರಡನೇ ನಿಮಿಷಕ್ಕೆ ನನಗೇ ಸಾಕಾಗುತ್ತದೆ.

ಕೋಣೆ 10 ಅಡಿ ಅಗಲ, 12 ಅಡಿ ಉದ್ದ. 5 ಇಂಚಿನ ಎರಡು ಮಾನಿಟರ್ ಸ್ಪೀಕರ್ ಇವೆ. ಹಿಂದೆ ಬೀರು ಇರುವುದರಿಂದ ಟೇಬಲ್ ಗೋಡೆಗೆ ತಾಗಿಲ್ಲ, ನಾನು ಹೆಚ್ಚು ಕಡಿಮೆ ಕೋಣೆಯ ನಡುವೆ ಕೂರುತ್ತೇನೆ. ಅಪ್ಪ ಅಮ್ಮ ಮಲಗಿರುತ್ತಾರೆ, ಹಾಗಾಗಿ ವಾಲ್ಯೂಮ್ ತುಂಬಾ ಕಡಿಮೆ ಇಟ್ಟುಕೊಂಡು ಕೆಲಸ ಮಾಡುತ್ತೇನೆ. ಸ್ಪ್ಯಾನ್ ಅನಲೈಸರ್ (ಸದ್ದು ಯಾವ ಹರ್ಟ್ಸ್‌ನಲ್ಲಿ ಎಷ್ಟು ಜೋರಿದೆ ಎಂದು ಗೆರೆ ಎಳೆದು ತೋರಿಸುವುದು) ಹಾಕಿ ನೋಡಿದೆ. ಡೊಳ್ಳಿನ ತಳದ ಗುಡ್ಡ 73 ಹರ್ಟ್ಸ್ ಹತ್ತಿರ ಇದೆ, ಕಿಕ್ 49 ಹತ್ತಿರ ಇದೆ.

ಯಾವ ಪ್ಲಗಿನ್ (ರೀಪರ್ ಒಳಗೆ ಸೇರಿಸುವ ಸಾಫ್ಟ್‌ವೇರ್) ತಗೊಂಡರೆ ಸರಿಹೋಗುತ್ತೆ? ಅಥವಾ ಬೇರೆ ಏನಾದರೂ ಮಾಡಬೇಕಾ?

ಟಾಪ್‌ಸಬ್ ಉತ್ತರ:

ನಾನು ಹಾವೇರಿ ಕಡೆ ಜಾತ್ರೆ, ಮದುವೆ, ಮೆರವಣಿಗೆಗಳಿಗೆ ಸೌಂಡ್ ಹಾಕುವವನು. ಮೆರವಣಿಗೆಯಲ್ಲಿ ಆಗಿದ್ದಕ್ಕೆ ಮಾತ್ರ ಉತ್ತರ ಹೇಳುತ್ತೇನೆ.

ನಮ್ಮ ಬಹಳಷ್ಟು ಸೆಟಪ್‌ಗಳಲ್ಲಿ ಎಡ ಬಲ ಎರಡನ್ನೂ ಕೂಡಿಸಿ ಮೊನೊ ಮಾಡಿರುತ್ತೇವೆ. ಟ್ರ್ಯಾಕ್ಟರ್ ಮೇಲೆ ಕಟ್ಟಿದ ಬಾಕ್ಸ್‌ಗೆ ಎಡಗಡೆ ಬಲಗಡೆ ಅಂತ ಇರಲ್ಲ, ಜನ ಸುತ್ತ ಇರುತ್ತಾರೆ. ಸಬ್‌ಗಳಿಗಂತೂ (ತಳದ ಸದ್ದಿನ ದೊಡ್ಡ ಸ್ಪೀಕರ್‌ಗಳು) ಸುಮಾರು 100 ಹರ್ಟ್ಸ್ ಕೆಳಗಿನದ್ದೆಲ್ಲ ಒಂದೇ ದಾರಿಯಲ್ಲಿ ಹೋಗುತ್ತದೆ. ನೀವು ವೈಡ್ನರ್ ಹಾಕಿದ್ದೀರಿ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಮಾಡಿಯೇ ಅದು ಅಗಲ ತರುವುದು. ಎರಡನ್ನೂ ಕೂಡಿಸಿದಾಗ ಆ ವ್ಯತ್ಯಾಸ ಒಂದನ್ನೊಂದು ತಿಂದುಬಿಡುತ್ತದೆ. ಡೊಳ್ಳಿನ ಹೊಟ್ಟೆ ಹೋಗಿ ಬರೀ ಕೋಲಿನ ಸದ್ದು ಉಳಿಯಿತು. ತಗಡು ಅಂದಿರಲ್ಲ, ಅದು ಇದೇ.

ಮೊದಲು ಎರಡೂ ವೈಡ್ನರ್ ತೆಗೆಯಿರಿ. ಮಾಸ್ಟರ್‌ನಲ್ಲಿರುವ (ಎಲ್ಲ ಸದ್ದೂ ಸೇರುವ ಕೊನೆಯ ಟ್ರ್ಯಾಕ್) ಮೊನೊ ಬಟನ್ ಒತ್ತಿ ಕೇಳಿ. ಒತ್ತಿದಾಗ ಏನು ಮಾಯವಾಗುತ್ತೋ ಅದು ಜಾತ್ರೆಯಲ್ಲೂ ಮಾಯವಾಗುತ್ತೆ. ದಿನಾ ಒಂದು ಹತ್ತು ನಿಮಿಷ ಮೊನೊದಲ್ಲೇ ಕೆಲಸ ಮಾಡಿ. ಅಗಲ ಬೇಕಿದ್ದರೆ ತಾಳಕ್ಕೆ, ಪ್ಯಾಡ್‌ಗೆ ಕೊಡಿ. ಕೆಳಗಿನದ್ದು ನಡುವೆ ಇರಲಿ.

ಮಂದ್ರಸ್ಥಾಯಿ ಉತ್ತರ:

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ವೈಡ್ನರ್ ಇವತ್ತೇ ತೆಗೆಯಿರಿ.

ಪ್ಲಗಿನ್ ಯಾವುದೂ ಬೇಡ. ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ಉತ್ತರದ ಮುಕ್ಕಾಲು ಭಾಗ ನೀವು ಕೊಟ್ಟ ಅಂಕಿಗಳಲ್ಲೇ ಇದೆ. ನಾನು ಮೈಸೂರಿನಲ್ಲಿ ವೀಣೆ ಕಲಿತು ಆಮೇಲೆ ಎಲೆಕ್ಟ್ರಾನಿಕ್ ಕಡೆ ಬಂದವಳು, 12 ವರ್ಷದಿಂದ ಇದನ್ನು ಮಾಡುತ್ತಿದ್ದೇನೆ. ನನ್ನ ಮೊದಲ ನಾಲ್ಕು ವರ್ಷ ಒಂದು ಕೆಟ್ಟ ಕೋಣೆಯಲ್ಲೇ ಕಳೆದುಹೋಯಿತು. ಹಾಗಾಗಿ ಕೋಣೆಯಿಂದಲೇ ಶುರು ಮಾಡುತ್ತೇನೆ.

ಶಬ್ದ ಒಂದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 12 ಅಡಿ ಅಂದರೆ 3.66 ಮೀಟರ್. 343ನ್ನು ಉದ್ದದ ಎರಡರಷ್ಟರಿಂದ ಭಾಗಿಸಿದರೆ 47 ಹರ್ಟ್ಸ್ ಬರುತ್ತದೆ. ಅದು ನಿಮ್ಮ ಕೋಣೆಯ ಉದ್ದಕ್ಕೆ ನಿಲ್ಲುವ ಮೊದಲ ಅಲೆ. 10 ಅಡಿ ಅಗಲಕ್ಕೆ ಅದೇ ಲೆಕ್ಕದಲ್ಲಿ 56. ಈ ಅಲೆಗಳು ಗೋಡೆಯ ಹತ್ತಿರ ಜೋರಾಗಿರುತ್ತವೆ, ಕೋಣೆಯ ನಟ್ಟನಡುವೆ ಸತ್ತಿರುತ್ತವೆ. ನೀವು ಕೂತಿರುವುದೇ ನಡುವೆ. ನಿಮ್ಮ ಕಿಕ್ 49ರಲ್ಲಿದೆ. ಅಂದರೆ ನೀವು ಕೂತ ಜಾಗದಲ್ಲಿ ನಿಮ್ಮ ಕಿಕ್‌ನ ತಳ ನಿಮಗೆ ಕೇಳಿಸುತ್ತಲೇ ಇಲ್ಲ! ಕೇಳಿಸದೆ ಇದ್ದದ್ದನ್ನು ನೀವು ಹೆಚ್ಚಿಸುತ್ತಾ ಹೋಗಿದ್ದೀರಿ. ಅದರ ಜೊತೆಗೆ 5 ಇಂಚಿನ ಮಾನಿಟರ್‌ಗಳೇ ಆ ಕೆಳಗೆ ಇಳಿಯುವುದು ಕಷ್ಟ.

ಒಂದು ಪರೀಕ್ಷೆ ಮಾಡಿ. ರೀಪರ್‌ನಲ್ಲಿ ಒಂದು ಸೈನ್ ಟೋನ್ 49 ಹರ್ಟ್ಸ್‌ಗೆ ಇಟ್ಟು ಹಗಲು ಹೊತ್ತಿನಲ್ಲಿ ಸ್ವಲ್ಪ ಜೋರಾಗಿ ಹಾಕಿ. ಕುರ್ಚಿಯಿಂದ ಎದ್ದು ಗೋಡೆಯ ಕಡೆ ನಡೆಯಿರಿ. ಮೂಲೆಗೆ ಹೋಗಿ ನಿಲ್ಲಿ. ಅದೇ ಟೋನ್, ಅದೇ ವಾಲ್ಯೂಮ್, ಆದರೆ ಮೂಲೆಯಲ್ಲಿ ಎದೆಗೆ ಬಡಿಯುತ್ತದೆ. ನಾನು ಇದನ್ನು ಮೊದಲ ಸಲ ಮಾಡಿದಾಗ ಅಳು ಬಂದಿತ್ತು. ನಾಲ್ಕು ವರ್ಷ ನಾನು ಕೇಳುತ್ತಿದ್ದದ್ದು ನನ್ನ ಹಾಡನ್ನಲ್ಲ, ಆ ಕೋಣೆಯನ್ನು.

ಬೀರು ಬೇರೆ ಗೋಡೆಗೆ ಸರಿಸಲು ಆಗುತ್ತಾ ನೋಡಿ. ಮಾನಿಟರ್‌ಗಳು ಚಿಕ್ಕ ಗೋಡೆಗೆ ಬೆನ್ನು ಹಾಕಿ, ಕೋಣೆಯ ಉದ್ದಕ್ಕೆ ಮುಖ ಮಾಡಿರಲಿ. ನಿಮ್ಮ ತಲೆ ಎದುರಿನ ಗೋಡೆಯಿಂದ ಸುಮಾರು ನಾಲ್ಕೂವರೆ ಅಡಿ ದೂರದಲ್ಲಿರಲಿ. ಉದ್ದದ ನೂರಕ್ಕೆ 38 ಭಾಗ ಅಂತ ಇದಕ್ಕೊಂದು ರೂಢಿ ಇದೆ, ಶುರು ಮಾಡಲು ಒಳ್ಳೆಯ ಜಾಗ. ಹಿಂದಿನ ಎರಡು ಮೂಲೆಗಳಲ್ಲಿ ಹಳೆಯ ಹತ್ತಿ ಹಾಸಿಗೆ ಇದ್ದರೆ ಸುತ್ತಿ ನಿಲ್ಲಿಸಿ. ದಪ್ಪ ಇದ್ದಷ್ಟೂ ಒಳ್ಳೆಯದು. ಗೋಡೆಗೆ ತೆಳು ಫೋಮ್ ಅಂಟಿಸಿದರೆ ತಳದ ಸದ್ದಿಗೆ ಏನೂ ಆಗಲ್ಲ, ಅದಕ್ಕೆ ದುಡ್ಡು ಹಾಕಬೇಡಿ.

ವಾಲ್ಯೂಮ್ ವಿಷಯ. ಸದ್ದು ಮೆಲ್ಲಗಿದ್ದಾಗ ನಮ್ಮ ಕಿವಿಗೆ ತಳದ ಸದ್ದು ಇನ್ನೂ ಕಡಿಮೆ ಕೇಳುತ್ತದೆ. 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದ್ದಾರೆ. ರಾತ್ರಿ ಮೆಲ್ಲಗೆ ಕೇಳುತ್ತಾ ಬೇಸ್ ಇಟ್ಟರೆ ಅದು ಜಾಸ್ತಿಯೇ ಆಗುವುದು. ಕೋಣೆ, ಮಾನಿಟರ್, ವಾಲ್ಯೂಮ್, ಮೂರೂ ನಿಮ್ಮನ್ನು ಒಂದೇ ಕಡೆಗೆ ತಳ್ಳಿವೆ. ಕಾರಿನ ಒಳಗೆ ತಳದ ಸದ್ದು ತಾನಾಗಿಯೇ ಹೆಚ್ಚುತ್ತದೆ. ಹಾಗಾಗಿ ಗುಂ ಅಂದಿದೆ. ರಾತ್ರಿ ಅರೇಂಜ್‌ಮೆಂಟ್ ಮಾಡಿ, ಎಡಿಟ್ ಮಾಡಿ. ಬೇಸ್‌ನ ಮಟ್ಟ ತೀರ್ಮಾನ ಮಾಡುವುದನ್ನು ಭಾನುವಾರ ಬೆಳಿಗ್ಗೆಗೆ ಇಟ್ಟುಕೊಳ್ಳಿ.

ಈಗ ನನಗೆ ಖುಷಿ ಕೊಟ್ಟ ಭಾಗಕ್ಕೆ ಬರುತ್ತೇನೆ. ಕಿಕ್ 49, ಡೊಳ್ಳು 73. 49ನ್ನು ಒಂದೂವರೆಯಿಂದ ಗುಣಿಸಿ ನೋಡಿ: 73.5. ನಿಮ್ಮ ಷಡ್ಜ ಜಿ ಆದರೆ ಆ ತಂಡದ ಡೊಳ್ಳು ಪಂಚಮದಲ್ಲಿ ಕೂತಿದೆ. ಇದು ನಿಮಗೆ ಸಿಕ್ಕ ದೊಡ್ಡ ಭಾಗ್ಯ. ಡೊಳ್ಳಿಗೆ ಪಿಚ್ ಬದಲಿಸುವ ಯಾವುದನ್ನೂ ಹಾಕಬೇಡಿ. ಅದು ಇರುವ ಜಾಗದಲ್ಲೇ ಇರಲಿ, ಉಳಿದವರು ಸರಿದುಕೊಳ್ಳಲಿ.

ಯಾರು ಸರಿಯಬೇಕು? ಬೇಸ್. ಅದನ್ನು ಒಂದು ಸ್ಥಾಯಿ ಮೇಲೆ ತನ್ನಿ, 98ಕ್ಕೆ. ಆಗ ಕೆಳಗೆ ಕಿಕ್‌ನ ಷಡ್ಜ, ನಡುವೆ ಡೊಳ್ಳಿನ ಪಂಚಮ, ಮೇಲೆ ಬೇಸ್‌ನ ಷಡ್ಜ. ತಂಬೂರಿ ಮೀಟಿದ ಹಾಗೆ ಒಂದರ ಮೇಲೊಂದು ಕೂರುತ್ತವೆ. ಬೇಸ್ ಮೇಲೆ ಬಂದರೆ ತೂಕ ಹೋಗುತ್ತೆ ಅಂತ ಹೆದರಬೇಡಿ, ತೂಕವನ್ನು ಕಿಕ್ ಕೊಡುತ್ತದೆ. ಫೋನಿನ ತೊಂದರೆಯೂ ಅರ್ಧ ಇದರಿಂದಲೇ ಹೋಗುತ್ತದೆ. ಫೋನಿನ ಸ್ಪೀಕರ್ 49ನ್ನು ಕೊಡಲಾರದು. ಆದರೆ ಬೇಸ್‌ಗೆ ಸ್ವಲ್ಪ ಸ್ಯಾಚುರೇಶನ್ (ಸದ್ದನ್ನು ತುಸು ಒಡೆಸುವ ಎಫೆಕ್ಟ್) ಹಾಕಿದರೆ 196, 294, 392ರಲ್ಲಿ ಅದರ ಮೇಲಿನ ಸ್ವರಗಳು ಹುಟ್ಟುತ್ತವೆ. ಅವು ಕೇಳಿದರೆ ಸಾಕು, ಇಲ್ಲದ ಕೆಳಗಿನ ಸ್ವರವನ್ನು ಕಿವಿಯೇ ಕಟ್ಟಿಕೊಳ್ಳುತ್ತದೆ.

ಕಿಕ್‌ನ ಬಾಲ ನೋಡಿ. 124ರಲ್ಲಿ ಒಂದು ಬೀಟ್ ಅಂದರೆ 484 ಮಿಲಿಸೆಕೆಂಡ್. 808 ಮಾದರಿ ಕಿಕ್‌ಗೆ ಉದ್ದ ಡಿಕೇ ಕೊಟ್ಟರೆ ಒಂದು ಏಟು ಮುಗಿಯುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ನಡುವೆ ಉಸಿರಾಡಲು ಜಾಗವೇ ಇಲ್ಲ. ಡೊಳ್ಳು ಎಲ್ಲಿ ಕೇಳಬೇಕು ಹೇಳಿ? ಬಾಲವನ್ನು 160ರಿಂದ 180 ಮಿಲಿಸೆಕೆಂಡಿಗೆ ಕತ್ತರಿಸಿ. ಇಲ್ಲವಾದರೆ 909 ಡ್ರಮ್ ಮಷೀನ್ ತರಹದ ಗಿಡ್ಡ ಕಿಕ್ ತಗೊಳ್ಳಿ. ಹೌಸ್‌ನಲ್ಲಿ 909 ಅಷ್ಟು ಬಳಕೆಗೆ ಬರಲು ಅದರ ಈ ಗಟ್ಟಿ, ಗಿಡ್ಡ ಏಟೂ ಒಂದು ಕಾರಣ ಅಂತ ನನಗೆ ಅನಿಸುತ್ತದೆ.

ಇನ್ನೊಂದು, ಇದನ್ನು ಬಹಳ ಜನ ನೋಡಲ್ಲ. 50 ಹರ್ಟ್ಸ್‌ನ ಒಂದು ಅಲೆ 20 ಮಿಲಿಸೆಕೆಂಡ್ ಉದ್ದ. ಡೊಳ್ಳಿನ ಏಟು ಕಿಕ್‌ಗಿಂತ 10 ಮಿಲಿಸೆಕೆಂಡ್ ಆಚೀಚೆ ಬಿದ್ದರೆ ಆ ತಳದಲ್ಲಿ ಒಂದು ಮೇಲೆ ತಳ್ಳುವಾಗ ಇನ್ನೊಂದು ಕೆಳಗೆ ಎಳೆಯಬಹುದು. ಡೊಳ್ಳಿನ ಟ್ರ್ಯಾಕ್‌ನಲ್ಲಿ ಫೇಸ್ (ಅಲೆಯ ಮೇಲು ಕೆಳಗು) ತಿರುಗಿಸುವ ಬಟನ್ ಒತ್ತಿ ನೋಡಿ. ಯಾವುದು ಎದೆಗೆ ಹತ್ತಿರ ಕೇಳುತ್ತೋ ಅದನ್ನು ಇಟ್ಟುಕೊಳ್ಳಿ. ಎರಡೂ ಸರಿ ಅನಿಸದಿದ್ದರೆ ಕಿಕ್ಕನ್ನು ಎರಡು ಮೂರು ಮಿಲಿಸೆಕೆಂಡ್ ಸರಿಸಿ. ಕಿಕ್ಕನ್ನೇ ಸರಿಸಿ, ಡೊಳ್ಳನ್ನಲ್ಲ. ಎಂಟು ಜನ ಸೇರಿ ಬಾರಿಸಿದ ಜಾಗ ಅದು.

ಸೈಡ್‌ಚೈನ್ (ಕಿಕ್ ಬಿದ್ದಾಗ ಬೇಸ್ ತಾನಾಗಿ ತಗ್ಗುವ ಹಾಗೆ ಮಾಡುವುದು) ಬೇಕು, ಆದರೆ ಕಡಿಮೆ. ಕಿಕ್‌ನಿಂದ ಬೇಸ್ ಟ್ರ್ಯಾಕ್‌ಗೆ ಒಂದು ಸೆಂಡ್ ಕೊಟ್ಟು ಅದನ್ನು 3/4 ಚಾನೆಲ್‌ಗೆ ಕಳಿಸಿ, ಬೇಸ್‌ನ ಮೇಲೆ ರೀಕಾಂಪ್ (ರೀಪರ್‌ನದೇ ಕಂಪ್ರೆಸರ್) ಹಾಕಿ, ಡಿಟೆಕ್ಟರ್ ಇನ್‌ಪುಟ್ ಅನ್ನು ಆಕ್ಸಿಲರಿ ಮಾಡಿ. ರೇಶಿಯೊ 4, ಅಟ್ಯಾಕ್ 2 ಮಿಲಿಸೆಕೆಂಡ್, ರಿಲೀಸ್ 120. ಹದಿನಾರನೇ ಒಂದು ನೋಟ್ (ಒಂದು ಬೀಟ್‌ನ ಕಾಲು ಭಾಗ) 124ರಲ್ಲಿ 121 ಮಿಲಿಸೆಕೆಂಡ್, ಅದಕ್ಕೇ ಆ ಸಂಖ್ಯೆ. 4 ಡಿಬಿ ಇಳಿದರೆ ಸಾಕು. ಅದಕ್ಕಿಂತ ಒಳ್ಳೆಯದು ಬೇಸ್‌ನ ಸ್ವರಗಳನ್ನೇ ಕಿಕ್ ಬೀಳದ ಜಾಗಕ್ಕೆ ಸರಿಸುವುದು. ಕಂಪ್ರೆಸರ್ ಹಾಕಿ ಬಿಡಿಸುವ ಜಗಳವನ್ನು ಸ್ವರ ಬರೆಯುವಾಗಲೇ ತಪ್ಪಿಸಬಹುದು ಅಲ್ವಾ.

ಡೊಳ್ಳಿಗೆ ಡ್ರಾಪ್‌ನಲ್ಲಿ (ಎಲ್ಲ ಸದ್ದೂ ಒಟ್ಟಿಗೆ ಬೀಳುವ ಜೋರಾದ ಭಾಗ) 60ರ ಹತ್ತಿರ ಒಂದು ಲೋ ಕಟ್ (ತಳದ ಸದ್ದು ಕತ್ತರಿಸುವ ಫಿಲ್ಟರ್) ಹಾಕಿ, 12 ಡಿಬಿಯ ಮೆತ್ತಗಿನ ಇಳಿಜಾರು. ಕಿಕ್ ಇಲ್ಲದ ಕಡೆ ಆ ಕಟ್ ಪೂರ್ತಿ ತೆಗೆದುಬಿಡಿ, ಆಟೊಮೇಶನ್‌ನಲ್ಲಿ. ಪ್ಯಾಡ್‌ಗೆ 200ರ ಕೆಳಗೆ ಏನೂ ಬೇಡ. ರಿವರ್ಬ್‌ಗೆ (ಪ್ರತಿಧ್ವನಿಯ ಎಫೆಕ್ಟ್) 300ರ ಕೆಳಗೆ ಬೇಡ.

ಲಿಮಿಟರ್ (ಏಟಿನ ತುದಿ ಒತ್ತಿ ಹಾಡನ್ನು ಜೋರು ಮಾಡುವುದು) ಎಷ್ಟು ತಳ್ಳಿದ್ದೀರಿ ಹೇಳಲಿಲ್ಲ. ಮಿಕ್ಸ್ ಮಾಡುವಾಗ ತೆಗೆದಿಡಿ. ಮಾಸ್ಟರ್ ಪೀಕ್ ಮೈನಸ್ 6ರ ಹತ್ತಿರ ಇರಲಿ. ಸ್ಪಾಟಿಫೈ, ಯೂಟ್ಯೂಬ್ ಎರಡೂ ಜೋರಾದ ಹಾಡನ್ನು ಮೈನಸ್ 14 ಎಲ್‌ಯುಎಫ್‌ಎಸ್ (ಹಾಡಿನ ಒಟ್ಟು ಜೋರನ್ನು ಅಳೆಯುವ ಮಾನ) ಸುತ್ತ ಇಳಿಸುತ್ತವೆ. ಜೋರು ಮಾಡಲು ಡೊಳ್ಳಿನ ಏಟನ್ನು ಚಪ್ಪಟೆ ಮಾಡಿ, ಕೊನೆಗೆ ಅವರು ವಾಲ್ಯೂಮ್ ಇಳಿಸಿದರೆ ನಿಮಗೆ ಉಳಿಯುವುದು ಚಪ್ಪಟೆ ಡೊಳ್ಳು ಮಾತ್ರ.

ಟಾಪ್‌ಸಬ್ ಉತ್ತರ:

ಮೇಡಂ ಹೇಳಿದ್ದರಲ್ಲಿ ಒಂದು ಮಾತು ಒಪ್ಪಲ್ಲ. ಡ್ರಾಪ್‌ನಲ್ಲಿ ಡೊಳ್ಳಿನ ತಳ ಕತ್ತರಿಸುವುದು. ಬಯಲಿನಲ್ಲಿ ನಿಂತ ಜನಕ್ಕೆ ಡೊಳ್ಳು ಹೊಟ್ಟೆಗೆ ಬಡಿಯಬೇಕು, ಅವರು ಅದನ್ನು ಚಿಕ್ಕಂದಿನಿಂದ ಹತ್ತಿರ ನಿಂತು ಕೇಳಿದವರು. ಕತ್ತರಿಸುವುದಾದರೆ ಕಿಕ್ ಕತ್ತರಿಸಿ. ಡೊಳ್ಳು ಬೀಳುವ ಏಟಿಗೆ ಕಿಕ್ ಬೇಡವೇ ಬೇಡ. ನಾಲ್ಕು ಬೀಟ್‌ನಲ್ಲಿ ಎರಡು ಕಿಕ್, ಎರಡು ಡೊಳ್ಳು ಮಾಡಿ ನೋಡಿ.

ಮಂದ್ರಸ್ಥಾಯಿ ಉತ್ತರ:

ಬಯಲಿನ ವಿಷಯದಲ್ಲಿ ನಿಮ್ಮ ಕಿವಿ ನನ್ನದಕ್ಕಿಂತ ದೊಡ್ಡದು, ಒಪ್ಪುತ್ತೇನೆ. ನಾನು 60 ಹೇಳಿದ್ದು 73ರ ಗುಡ್ಡವನ್ನು ಉಳಿಸಲಿಕ್ಕೇ. ಅದಕ್ಕಿಂತ ಕೆಳಗೆ ಆ ರೆಕಾರ್ಡಿಂಗ್‌ನಲ್ಲಿ ಗಾಳಿ, ಕಾಲಿನ ಸದ್ದು ಇದ್ದೀತು. ಆದರೆ ಕಿಕ್ಕನ್ನೇ ಬಿಡುವ ನಿಮ್ಮ ಮಾತು ನನ್ನ ಮಾತಿಗಿಂತ ಚೆನ್ನಾಗಿದೆ. ಡೊಳ್ಳು124, ಒಂದು ಆವೃತ್ತಿ ಹಾಗೇ ಮಾಡಿ. ಇಬ್ಬರೂ ಕೇಳೋಣ.

ತನಿಆವರ್ತನ ಉತ್ತರ:

ನಾನು ಮೃದಂಗ ನುಡಿಸುವವನು, ಧಾರವಾಡದಲ್ಲಿದ್ದೇನೆ. ಮಿಕ್ಸಿಂಗ್ ಬಗ್ಗೆ ಹೇಳುವಷ್ಟು ಗೊತ್ತಿಲ್ಲ. ಎರಡನೇ ನಿಮಿಷಕ್ಕೆ ಸಾಕಾಗುತ್ತೆ ಅಂದಿರಲ್ಲ, ಅದರ ಬಗ್ಗೆ ಬರೆಯುತ್ತೇನೆ.

ನೀವು ಸಾಗರದ ಕಡೆಯವರು, ಯಕ್ಷಗಾನ ನೋಡಿರುತ್ತೀರಿ. ಮದ್ದಳೆ ಉದ್ದಕ್ಕೂ ನಡೆಯುತ್ತಿರುತ್ತದೆ. ಚಂಡೆ ಹಾಗಲ್ಲ. ಕರುಣ ರಸದ ಪದ ನಡೆಯುವಾಗ ಚಂಡೆಯವರು ಸುಮ್ಮನೆ ಕೂತಿರುತ್ತಾರೆ. ಬಣ್ಣದ ವೇಷ ಬರುವಾಗ, ಯುದ್ಧ ಬಂದಾಗ ಜೋರಾಗಿ ಬಾರಿಸುತ್ತಾರೆ. ನಡುರಾತ್ರಿ ತೂಕಡಿಸುತ್ತಿದ್ದ ಮಕ್ಕಳು ಆ ಮೊದಲ ಏಟಿಗೆ ಎದ್ದು ಕೂರುತ್ತಾರೆ. ಅರ್ಧ ಗಂಟೆ ಚಂಡೆ ಇಲ್ಲದ್ದರಿಂದಲೇ ಆ ಏಟಿಗೆ ಅಷ್ಟು ಬಲ. ನಿಮ್ಮ ಡೊಳ್ಳು ಶುರುವಿನಿಂದ ಕೊನೆವರೆಗೂ ಇದೆ ಅಂದಿರಿ. ಅದನ್ನು ಕೂರಿಸಿ. ತಾಳಗಳನ್ನು ಮದ್ದಳೆಯ ಹಾಗೆ ಉದ್ದಕ್ಕೂ ನಡೆಸಿ.

ಮೊದಲ ಡೊಳ್ಳು ಒಂದು ನಿಮಿಷ ದಾಟಿದ ಮೇಲೆ ಬರಲಿ. ನಿಮ್ಮ ವೇಗದಲ್ಲಿ 32 ಬಾರ್ ಅಂದರೆ 62 ಸೆಕೆಂಡ್. ಅಷ್ಟರವರೆಗೆ ಕಿಕ್, ತಾಳ, ಬೇಸ್ ಒಂದೊಂದಾಗಿ ಬರಲಿ. ಡಿಜೆಗಳಿಗೂ ಹಿಂದಿನ ಹಾಡಿನ ಜೊತೆ ಬೆರೆಸಲು ಆ ಜಾಗ ಬೇಕಾಗುತ್ತದೆ ಅಂತ ಕೇಳಿದ್ದೇನೆ.

ಇನ್ನು ಬಿಲ್ಡಪ್, ಅಂದರೆ ಡ್ರಾಪ್‌ಗೆ ಮುಂಚೆ ಬಿಗಿ ಏರಿಸುವ ಭಾಗ. ಎಲ್ಲರೂ ಸ್ನೇರ್ ರೋಲ್ ಮತ್ತು ಗಾಳಿಯ ಸದ್ದು ಹಾಕುತ್ತಾರೆ. ನಮ್ಮ ಸಂಗೀತ ಕಚೇರಿಯಲ್ಲಿ ತನಿ ಆವರ್ತನದಲ್ಲಿ (ತಾಳವಾದ್ಯದವರಷ್ಟೇ ನುಡಿಸುವ ಭಾಗ) ಮೃದಂಗ ಮತ್ತು ಘಟ ಒಬ್ಬರಿಗೊಬ್ಬರು ಉತ್ತರ ಕೊಡುತ್ತಾ ಹೋಗುತ್ತಾರೆ. ಮೊದಲು ಉದ್ದ ನುಡಿ, ಆಮೇಲೆ ಅದರ ಅರ್ಧ, ಆಮೇಲೆ ಅದರ ಅರ್ಧ. ಕೊರೈಪ್ಪು ಅಂತಾರೆ ಇದಕ್ಕೆ. ಕೇಳುವವರು ತಮಗೆ ಗೊತ್ತಿಲ್ಲದೆ ಮುಂದಕ್ಕೆ ಬಾಗುತ್ತಾರೆ. ಅದನ್ನೇ ಮಾಡಿ. ಸಿಂಥ್ ನಾಲ್ಕು ಬಾರ್, ಡೊಳ್ಳು ನಾಲ್ಕು ಬಾರ್. ಎರಡು, ಎರಡು. ಒಂದು, ಒಂದು. ಅರ್ಧ, ಅರ್ಧ. ಕೂಡಿಸಿದರೆ 15 ಬಾರ್. ಹದಿನಾರನೇ ಬಾರ್ ಖಾಲಿ ಬಿಡಿ. ಆ ಖಾಲಿಯಲ್ಲಿ ಕೊಂಬು ಒಂದೇ. ಆಮೇಲೆ ಸಮಕ್ಕೆ (ತಾಳದ ಮೊದಲ ಏಟಿಗೆ) ಎಲ್ಲರೂ ಬೀಳಲಿ. ಒಟ್ಟು 31 ಸೆಕೆಂಡ್.

ಕೊನೆಯ ಒಂದು ಸಂದೇಹ. ನಿಮ್ಮ ರೆಕಾರ್ಡಿಂಗ್‌ನ ನಡೆ ಯಾವುದು? ಆರರ ತೂಗಾಟ ಇದ್ದರೆ, ಅದನ್ನು ನಾಲ್ಕರ ಗ್ರಿಡ್‌ಗೆ (ಸಾಫ್ಟ್‌ವೇರ್‌ನ ತಾಳದ ಗೆರೆಗಳಿಗೆ) ಎಳೆದು ಕೂರಿಸಿದ್ದೀರಾ? ಕೂರಿಸಿದ್ದರೆ ಅಲ್ಲೇ ಜೀವ ಹೋಗಿದೆ.

ಡೊಳ್ಳು124 ಉತ್ತರ:

ಹೌದು ಸರ್. ಆರರ ನಡೆಯೇ. ಗ್ರಿಡ್‌ಗೆ ಎಳೆದು ಕೂರಿಸಿದ್ದೆ. ತಂಡ 112ರಲ್ಲಿ ಶುರು ಮಾಡಿ ಕೊನೆಗೆ 131ಕ್ಕೆ ಹೋಗಿತ್ತು. ಅದನ್ನೆಲ್ಲ 124ಕ್ಕೆ ಹಿಗ್ಗಿಸಿ, ಕುಗ್ಗಿಸಿ, ಪ್ರತಿ ಏಟನ್ನೂ ಗೆರೆಗೆ ತಂದೆ. ಎರಡು ವಾರದ ಕೆಲಸ ಅದು.

ಮಂದ್ರಸ್ಥಾಯಿ ಉತ್ತರ:

ಎರಡು ವಾರದ ಕೆಲಸ ಬಿಡುವುದು ಕಷ್ಟ, ನನಗೆ ಗೊತ್ತು. ಆದರೂ ಬಿಡಿ. ಹಿಗ್ಗಿಸಿದಾಗ ಏಟಿನ ಮೊದಲ ತುದಿ ಮೊಂಡಾಗುತ್ತದೆ. ಚರ್ಮಕ್ಕೆ ಕೋಲು ತಾಗುವ ಆ ಕ್ಷಣವೇ ಡೊಳ್ಳು. ಮೂಲ ರೆಕಾರ್ಡಿಂಗ್‌ಗೆ ವಾಪಸ್ ಹೋಗಿ. 112ರಿಂದ 131ಕ್ಕೆ ಹೋಗುವಾಗ ಅವರು ಎಲ್ಲೋ 122, 126ರ ನಡುವೆ ಇದ್ದೇ ಇರುತ್ತಾರೆ. ಅಲ್ಲಿಂದ ಎರಡೆರಡು ಬಾರ್ ತುಂಡುಗಳನ್ನು ಕತ್ತರಿಸಿಕೊಳ್ಳಿ. ಪ್ರತಿ ತುಂಡಿನ ಮೊದಲ ಏಟು ಮಾತ್ರ ಸಮಕ್ಕೆ ಇಡಿ. ಒಳಗಿನದ್ದನ್ನು ಮುಟ್ಟಬೇಡಿ.

ಗ್ರಿಡ್ಡನ್ನು ಟ್ರಿಪ್ಲೆಟ್‌ಗೆ ಬದಲಿಸಿ. ಒಂದು ಬೀಟ್‌ನ ಮೂರನೇ ಒಂದು ಭಾಗ 161 ಮಿಲಿಸೆಕೆಂಡ್. ಹೈಹ್ಯಾಟ್, ಪ್ಲಕ್ ಎರಡೂ ಆ ತೂಗಾಟಕ್ಕೆ ಬರಲಿ. ಕಿಕ್ ನಾಲ್ಕರಲ್ಲಿ ನಡೆಯುತ್ತಾ ಇದ್ದರೆ ಮೇಲಿನದ್ದು ಮೂರರಲ್ಲಿ ತೂಗುತ್ತದೆ. ತ್ರಿಶ್ರ ನಡೆ ಅಂತ ನಾವು ಕಲಿತದ್ದು ಅದೇ. ಡೊಳ್ಳನ್ನು ಹೌಸ್‌ಗೆ ಕರೆತರುವ ಬದಲು ಹೌಸ್ ಡೊಳ್ಳಿನ ಕಡೆ ನಾಲ್ಕು ಹೆಜ್ಜೆ ಬರಲಿ.

ಡೊಳ್ಳು124 ಉತ್ತರ (ಮೂರು ವಾರದ ನಂತರ):

ಮಂದ್ರಸ್ಥಾಯಿ ಅಕ್ಕ, ಟಾಪ್‌ಸಬ್ ಅಣ್ಣ, ಮೃದಂಗದ ಸರ್, ಮೂವರಿಗೂ ತುಂಬಾ ಧನ್ಯವಾದ. ಒಂದೊಂದಾಗಿ ಹೇಳುತ್ತೇನೆ.

ಅಪ್ಪನ ಜೊತೆ ಸೇರಿ ಬೀರು ಸರಿಸಿದೆ. 49ರ ಟೋನ್ ಹಾಕಿ ಅಪ್ಪನನ್ನೂ ಕೋಣೆಯಲ್ಲಿ ನಡೆಸಿದೆ. ಮೂಲೆಗೆ ಹೋದಾಗ ಅವರು ಗಕ್ಕನೆ ನಿಂತರು. ಇಷ್ಟು ದಿನ ನಾನು ರಾತ್ರಿ ಏನು ಮಾಡುತ್ತೇನೆ ಅಂತ ಕೇಳದಿದ್ದವರು, ಆ ದಿನ ಅರ್ಧ ಗಂಟೆ ಕೂತು ಕೇಳಿದರು. ಈಗ ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ ಎರಡು ಗಂಟೆ ಜೋರಾಗಿ ಹಾಕಲು ಮನೆಯಲ್ಲಿ ಒಪ್ಪಿಗೆ ಇದೆ. ಹೊಸ ಜಾಗದಲ್ಲಿ ಕೂತು ಹಳೆಯ ಮಿಕ್ಸ್ ಕೇಳಿದರೆ ಕಿಕ್ 7 ಡಿಬಿ ಜಾಸ್ತಿ ಇತ್ತು. ಇಳಿಸಿದೆ.

ಬೇಸ್ 98ಕ್ಕೆ ತಂದೆ. ಮೊದಲ ದಿನ ಖಾಲಿ ಅನಿಸಿತು. ಕಿಕ್‌ನ ಬಾಲ 170ಕ್ಕೆ ಕತ್ತರಿಸಿದ ಮೇಲೆ ಡೊಳ್ಳಿನ ಎರಡನೇ ಕೈ ಕೇಳಿಸಿತು. ಒಂದು ಕಡೆ ಕೋಲು, ಇನ್ನೊಂದು ಕಡೆ ಅಂಗೈ. ಅಂಗೈ ಏಟು ಇಷ್ಟು ದಿನ ಮಿಕ್ಸ್‌ನಲ್ಲಿ ಇರಲೇ ಇಲ್ಲ! ಅದನ್ನು ಕೇಳಿ ಕುರ್ಚಿ ಬಿಟ್ಟು ಎದ್ದುಬಿಟ್ಟೆ. ಫೇಸ್ ಬಟನ್ ಒತ್ತಿದ್ದು ಒಳ್ಳೆಯದಾಯಿತು, ತಿರುಗಿಸಿದ್ದೇ ಸರಿ ಇದೆ.

ಹಿಗ್ಗಿಸಿದ್ದನ್ನೆಲ್ಲ ಅಳಿಸಿದೆ. 22 ನಿಮಿಷದಲ್ಲಿ 124ರ ಆಸುಪಾಸಿನ 19 ತುಂಡು ಸಿಕ್ಕವು. ಅದರಲ್ಲಿ 11 ಬಳಸಿದ್ದೇನೆ. ಡೊಳ್ಳು ಈಗ 33ನೇ ಬಾರ್‌ಗೆ ಬರುತ್ತದೆ. ಅದಕ್ಕೂ ಮುಂಚೆ ಬರೀ ತಾಳ. ಬಿಲ್ಡಪ್‌ನಲ್ಲಿ 4, 2, 1, ಅರ್ಧ ಮಾಡಿ ಕೊಂಬಿಗೆ ಒಂದು ಬಾರ್ ಬಿಟ್ಟೆ. ಟ್ರ್ಯಾಕ್ ಒಟ್ಟು ಐದು ನಿಮಿಷ ಹತ್ತು ಸೆಕೆಂಡ್, 160 ಬಾರ್. ಗೆಳೆಯನ ಕಾರಿನಲ್ಲಿ ಪೂರ್ತಿ ಕೇಳಿದೆವು. ಅವನು ಇನ್ನೊಂದು ಸಲ ಹಾಕು ಅಂದ.

ಟಾಪ್‌ಸಬ್ ಅಣ್ಣ, ನಿಮ್ಮ ಎರಡು ಕಿಕ್ ಎರಡು ಡೊಳ್ಳು ಆವೃತ್ತಿಯನ್ನೂ ಮಾಡಿದ್ದೇನೆ. ನನ್ನ ಕೋಣೆಯಲ್ಲಿ ಅದು ಸ್ವಲ್ಪ ಸಣ್ಣದಾಗಿ ಕೇಳುತ್ತದೆ. ಬಯಲಿನಲ್ಲಿ ಹೇಗೋ ಇಲ್ಲಿ ಕೂತು ತೀರ್ಮಾನ ಮಾಡಲು ಆಗುತ್ತಿಲ್ಲ.

ಟಾಪ್‌ಸಬ್ ಉತ್ತರ:

ಎರಡೂ ಫೈಲ್ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬನ್ನಿ. ಎಂಪಿ3 ಬೇಡ, ವೇವ್ (ಕುಗ್ಗಿಸದ ಫೈಲ್) ಇರಲಿ. ಲಿಮಿಟರ್ ಇಲ್ಲದ್ದೂ ಒಂದೊಂದು ಇರಲಿ. ಬರುವ ಶನಿವಾರ ಸಂಜೆ ನಾಲ್ಕಕ್ಕೆ ಬಯಲಿನಲ್ಲಿ ಬಾಕ್ಸ್ ಜೋಡಿಸಿರುತ್ತೇವೆ, ಕಾರ್ಯಕ್ರಮ ಏಳಕ್ಕೆ. ನಡುವೆ ಒಂದು ಗಂಟೆ ಖಾಲಿ ಇದೆ. ಆ ತಂಡದ ಹಿರಿಯರನ್ನೂ ಕರೆದುಕೊಂಡು ಬನ್ನಿ. ನಾವಿಬ್ಬರೂ ಮಾತಾಡದೆ ಎರಡನ್ನೂ ಹಾಕೋಣ, ಅವರೇ ಹೇಳಲಿ.

ಡೊಳ್ಳು124 ಉತ್ತರ:

ಬರುತ್ತೇವೆ ಅಣ್ಣ. ಈಗಷ್ಟೇ ಅವರಿಗೆ ಫೋನ್ ಮಾಡಿದೆ. ತಮ್ಮ ಡೊಳ್ಳನ್ನೂ ತರುತ್ತಾರಂತೆ, ಪಕ್ಕದಲ್ಲೇ ಬಾರಿಸಿ ತಾಳೆ ನೋಡಲಿಕ್ಕೆ.